ಸ್ಟಾರ್ ಹೆಸರಿನ ಕುರ್ತಿ, 799 ರೂಪಾಯಿಯ ಲೆಕ್ಕ

ದೋಸೆಗೆ ಕ್ಯೂ ನಿಲ್ಲೋದು ಬೆಂಗಳೂರಿನವರಿಗೆ ಹೊಸದಲ್ಲ. ಹೋದ ತಿಂಗಳು ಒಂದು ಶನಿವಾರ ಅಕ್ಕನ ಮಗಳು ಕುರ್ತಿಗೆ ಕ್ಯೂ ನಿಂತಳು. ಒಂದು ಡಿಸ್ಕೌಂಟ್ ಬಟ್ಟೆ ಅಂಗಡಿಯಲ್ಲಿ ದೊಡ್ಡ ಸಿನಿಮಾ ತಾರೆಯೊಬ್ಬರು 'ತಾವೇ ಡಿಸೈನ್ ಮಾಡಿದ' ಬಟ್ಟೆಗಳು ಬಂದಿದ್ದವು. ಅಂಗಡಿ ತೆರೆಯೋದು ಹತ್ತೂವರೆಗೆ. ಇವಳು ಒಂಬತ್ತೂವರೆಗೇ ಹೋಗಿ ನಿಂತಿದ್ದಳು. ಮಧ್ಯಾಹ್ನ ಮನೆಗೆ ಬಂದಾಗ ಕೈಯಲ್ಲಿ 799 ರೂಪಾಯಿಯ ಒಂದು ಕುರ್ತಿ, 299 ರೂಪಾಯಿಯ ಒಂದು ಬಿಳಿ ಸ್ಟೋಲ್.

ಸೋಮವಾರ ಹಾಕಿಕೊಂಡು ಕಾಲೇಜಿಗೆ ಹೋದಳು. ಬಸ್ಸಿನಲ್ಲಿ ಒಂದು ಗುಂಡಿ ಉದುರಿತು. ಮೊದಲ ಸಲ ತೊಳೆದು ಒಣಗಿಸಿದ ಮೇಲೆ ಎರಡು ಇಂಚು ಕುಗ್ಗಿತು. ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬಂತು.

"ಚಿಕ್ಕಮ್ಮ, ಅಷ್ಟು ದೊಡ್ಡ ಸ್ಟಾರ್ ಮಾಡಿಸಿದ್ದು ಹೀಗ್ಯಾಕೆ?" ಅಂತ ಕೇಳಿದಳು.

ಸ್ಟಾರ್ ಮೇಲೆ ಸಿಟ್ಟು ಮಾಡಿಕೊಂಡರೆ ಆಯಿತು, ಅದು ಸುಲಭ. ಆದರೆ ಪ್ರಶ್ನೆ ಒಳ್ಳೆಯದು. ಉತ್ತರಕ್ಕೆ ನಾವಿಬ್ಬರೂ ಆ ಕುರ್ತಿಯನ್ನು ಹಿಡಿದುಕೊಂಡು ತ್ಯಾಗರಾಜನಗರದ ನಮ್ಮ ಟೈಲರ್ ಹತ್ತಿರ ಹೋದೆವು. ಅವರು ಹೇಳಿದ್ದು ಮುಂದೆ ಬರುತ್ತದೆ. ಅದಕ್ಕೂ ಮೊದಲು ಒಂದು ಮಾತನ್ನು ಬಿಡಿಸಿಕೊಳ್ಳೋಣ.

## 'ಡಿಸೈನ್ ಮಾಡಿದ್ದು' ಅಂದರೆ ಏನು?

ಬಟ್ಟೆಯ ಮೇಲೆ ಸ್ಟಾರ್ ಹೆಸರು ಬರಲು ಹಲವು ದಾರಿಗಳಿವೆ. ಹೊರಗಿನಿಂದ ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತವೆ.

ಎಲ್ಲಕ್ಕಿಂತ ಸರಳವಾದದ್ದು ಜಾಹೀರಾತು. ಸ್ಟಾರ್ ಬಂದು ಫೋಟೋಗೆ ನಿಂತು, ಮಾತಾಡಿದ ಹಣ ತೆಗೆದುಕೊಂಡು ಹೋಗುತ್ತಾರೆ. ಬಟ್ಟೆ ಅವರದಲ್ಲ, ಅವರದು ಅಂತ ಯಾರೂ ಹೇಳುವುದೂ ಇಲ್ಲ.

ಎರಡನೆಯದು ಲೈಸೆನ್ಸ್. ತಮ್ಮ ಹೆಸರನ್ನು ಬಟ್ಟೆಯ ಮೇಲೆ ಹಾಕಿಕೊಳ್ಳಲು ಸ್ಟಾರ್ ಕಂಪನಿಗೆ ಅನುಮತಿ ಕೊಡುತ್ತಾರೆ. ಮನೆ ಬಾಡಿಗೆಗೆ ಕೊಟ್ಟ ಹಾಗೆ, ಇಲ್ಲಿ ಬಾಡಿಗೆಗೆ ಹೋಗೋದು ಹೆಸರು. ಮಾರಾಟವಾದ ಪ್ರತಿ ಪೀಸ್‌ಗೂ ಇಷ್ಟು ಪಾಲು ಅಂತ ಬರುತ್ತದಲ್ಲ, ಅದಕ್ಕೆ ರಾಯಲ್ಟಿ ಅನ್ನುತ್ತಾರೆ. ಎಷ್ಟೋ ಒಪ್ಪಂದಗಳಲ್ಲಿ 'ಮಿನಿಮಮ್ ಗ್ಯಾರಂಟಿ' ಕೂಡ ಇರುತ್ತದೆ. ಬಟ್ಟೆ ಹೋಗಲಿ ಬಿಡಲಿ, ಇಷ್ಟು ಹಣವನ್ನಂತೂ ಕೊಡಲೇಬೇಕು ಅನ್ನೋ ಷರತ್ತು ಅದು.

ಮೂರನೆಯದರಲ್ಲಿ ಸ್ಟಾರ್ ಬ್ರ್ಯಾಂಡಿನಲ್ಲೇ ಪಾಲುದಾರರಾಗುತ್ತಾರೆ. ನಮ್ಮ ಊರಿಗೂ ಈ ವ್ಯಾಪಾರಕ್ಕೂ ನಂಟಿದೆ. ಹೃತಿಕ್ ರೋಷನ್ ಅವರ ಎಚ್‌ಆರ್‌ಎಕ್ಸ್ 2013ರಲ್ಲಿ ಬೆಂಗಳೂರಿನ ಆನ್‌ಲೈನ್ ಬಟ್ಟೆ ಅಂಗಡಿ ಮಿಂತ್ರಾ ಜೊತೆ ಶುರುವಾಯಿತು. ವಿರಾಟ್ ಕೊಹ್ಲಿ ಜೊತೆಗೂಡಿದ 'ರಾಂಗ್' ಬ್ರ್ಯಾಂಡ್ 2014ರದ್ದು, ಅದರ ಹಿಂದಿನ ಕಂಪನಿಯೂ ಬೆಂಗಳೂರಿನದೇ. ದೀಪಿಕಾ ಪಡುಕೋಣೆ ಅವರ 'ಆಲ್ ಅಬೌಟ್ ಯು' 2015ರಲ್ಲಿ ಬಂದಿದ್ದೂ ಮಿಂತ್ರಾದಲ್ಲೇ.

ನಾಲ್ಕನೆಯದು ಬೇರೆಯೇ ಜಾತಿ. ಇಲ್ಲಿ ಬರುವವರು ಸಿನಿಮಾದವರಲ್ಲ, ನಿಜವಾದ ವಸ್ತ್ರವಿನ್ಯಾಸಕರು. ಲಕ್ಷಗಟ್ಟಲೆ ಬೆಲೆಯ ಬಟ್ಟೆ ಮಾಡುವವರು ಒಂದು ದೊಡ್ಡ ಅಂಗಡಿಗಾಗಿ, ಒಂದೇ ಒಂದು ಸಲ, ಕಡಿಮೆ ಬೆಲೆಯ ಸಣ್ಣ ಸಂಗ್ರಹ ಮಾಡಿಕೊಡುತ್ತಾರೆ. ಇದಕ್ಕೆ 'ಕ್ಯಾಪ್ಸೂಲ್ ಕಲೆಕ್ಷನ್' ಅನ್ನೋ ಹೆಸರಿದೆ.

ಹಾಗಾದರೆ ಸ್ಟಾರ್ ಕೂತು ಕಾಗದದ ಮೇಲೆ ಗೆರೆ ಎಳೆಯುತ್ತಾರಾ? ಎಳೆಯುವವರೂ ಇದ್ದಾರೆ. ಆದರೆ ಸಾಮಾನ್ಯವಾಗಿ ಕಂಪನಿಯ ವಿನ್ಯಾಸಕರ ತಂಡ ಒಂದಿಷ್ಟು ಮಾದರಿಗಳನ್ನು ಮಾಡಿ ಮುಂದಿಡುತ್ತದೆ. ಸ್ಟಾರ್ 'ಈ ಬಣ್ಣ ಬೇಡ, ಈ ತೋಳು ಚೆನ್ನಾಗಿದೆ' ಅಂತ ಆರಿಸುತ್ತಾರೆ. ಮದುವೆಗೆ ಸೀರೆ ಆರಿಸಿದ ಹಾಗೆ. ಆರಿಸಿದ್ದು ಅತ್ತೆ, ನೇಯ್ದದ್ದು ಬೇರೆ ಯಾರೋ.

## ಈ ಕಥೆ ಶುರುವಾಗಿದ್ದು ಅಮೆರಿಕದಲ್ಲಿ

ಅಗ್ಗದ ಅಂಗಡಿಗೆ ದೊಡ್ಡ ಹೆಸರು ತರುವ ಐಡಿಯಾ ಹಳೆಯದು. 1983ರಲ್ಲಿ ಹಾಲ್‌ಸ್ಟನ್ ಅನ್ನುವ ಹೆಸರಾಂತ ವಿನ್ಯಾಸಕರು ಜೆಸಿ ಪೆನ್ನಿ ಅನ್ನೋ ಮಧ್ಯಮ ವರ್ಗದ ಅಂಗಡಿಗಳ ಸರಣಿಗೆ ಬಟ್ಟೆ ಮಾಡಿಕೊಟ್ಟರು. ಅವರ ದುಬಾರಿ ಬಟ್ಟೆ ಮಾರುತ್ತಿದ್ದ ನ್ಯೂಯಾರ್ಕಿನ ಬರ್ಗ್‌ಡಾರ್ಫ್ ಗುಡ್‌ಮನ್ ಅಂಗಡಿ ಅದೇ ಕಾರಣಕ್ಕೆ ಅವರನ್ನು ಕೈಬಿಟ್ಟಿತು. ಆ ಹೆಸರಿನ ಹಕ್ಕು ಅದಕ್ಕೂ ಮೊದಲೇ ಕಂಪನಿಗೆ ಮಾರಿಹೋಗಿತ್ತು. ಕೊನೆಗೆ ಹಾಲ್‌ಸ್ಟನ್ ತಮ್ಮದೇ ಹೆಸರಿನಲ್ಲಿ ಬಟ್ಟೆ ಮಾಡುವ ಹಕ್ಕನ್ನೂ ಕಳೆದುಕೊಂಡರು. ಹೆಸರನ್ನು ಬಾಡಿಗೆಗೆ ಕೊಡೋದು ಬೇರೆ, ಮಾರೋದು ಬೇರೆ ಅನ್ನೋದಕ್ಕೆ ಈಗಲೂ ಇದನ್ನೇ ಉದಾಹರಣೆ ಕೊಡುತ್ತಾರೆ.

1985ರಲ್ಲಿ ಟಿವಿ ನಟಿ ಜ್ಯಾಕ್ಲಿನ್ ಸ್ಮಿತ್ ಕೆಮಾರ್ಟ್ ಎಂಬ ಡಿಸ್ಕೌಂಟ್ ಅಂಗಡಿಗೆ ತಮ್ಮ ಹೆಸರಿನ ಬಟ್ಟೆ ತಂದರು. ಅದು ವರ್ಷಗಟ್ಟಲೆ ಓಡಿತು. 2003ರಲ್ಲಿ ವಿನ್ಯಾಸಕ ಐಸಾಕ್ ಮಿಜ್ರಾಹಿ ಟಾರ್ಗೆಟ್ ಅನ್ನೋ ಡಿಸ್ಕೌಂಟ್ ಅಂಗಡಿಗೆ ಬಂದರು, ಅದೂ ಗೆದ್ದಿತು. 2004ರಲ್ಲಿ ವಿನ್ಯಾಸಕ ಕಾರ್ಲ್ ಲಾಗರ್‌ಫೆಲ್ಡ್ ಎಚ್ ಅಂಡ್ ಎಂ ಅನ್ನೋ ಕಡಿಮೆ ಬೆಲೆಯ ಸರಣಿ ಅಂಗಡಿಗೆ ಮಾಡಿಕೊಟ್ಟ ಬಟ್ಟೆ ಎಷ್ಟೋ ಊರುಗಳಲ್ಲಿ ಬಂದ ದಿನವೇ ಖಾಲಿ. ಖುಷಿಪಡಬೇಕಾದ ಲಾಗರ್‌ಫೆಲ್ಡ್ ಸಿಟ್ಟಾದರು. ಕಂಪನಿ ತೀರಾ ಕಡಿಮೆ ಪೀಸ್ ಮಾಡಿಸಿತು ಅನ್ನೋದು ಅವರ ದೂರು.

ಎಲ್ಲವೂ ಗೆಲ್ಲಲಿಲ್ಲ. 2007ರಲ್ಲಿ ನಟಿ ಸಾರಾ ಜೆಸಿಕಾ ಪಾರ್ಕರ್ 'ಬಿಟನ್' ಅನ್ನೋ ಸಂಗ್ರಹವನ್ನು ಸ್ಟೀವ್ ಅಂಡ್ ಬ್ಯಾರೀಸ್ ಅಂಗಡಿಗಳಲ್ಲಿ ತಂದರು. ಯಾವ ಬಟ್ಟೆಗೂ 20 ಡಾಲರ್ ದಾಟದ ಬೆಲೆ. ಮರುವರ್ಷ, 2008ರ ಜುಲೈನಲ್ಲಿ, ಅಂಗಡಿಯೇ ದಿವಾಳಿ ಅರ್ಜಿ ಹಾಕಿತು. ಗೆದ್ದಾಗಲೂ ಗೋಳು ಇತ್ತು. 2011ರ ಸೆಪ್ಟೆಂಬರ್ 13ರಂದು ಇಟಲಿಯ ದುಬಾರಿ ಬ್ರ್ಯಾಂಡ್ ಮಿಸ್ಸೋನಿಯ ಸಂಗ್ರಹ ಟಾರ್ಗೆಟ್‌ಗೆ ಬಂದಾಗ ಜನ ಮುಗಿಬಿದ್ದ ರಭಸಕ್ಕೆ ಅಂಗಡಿಯ ವೆಬ್‌ಸೈಟೇ ಮಲಗಿತು.

ನಮ್ಮಲ್ಲಿ ಜಾಸ್ತಿ ಮಾತಿಗೆ ಬಂದಿದ್ದು 2021ರ ಆಗಸ್ಟ್‌ನ ವಸ್ತ್ರವಿನ್ಯಾಸಕ ಸಬ್ಯಸಾಚಿ ಮತ್ತು ಎಚ್ ಅಂಡ್ ಎಂ ಸಂಗ್ರಹ. ಬೇಗನೇ ಖಾಲಿಯಾಯಿತು. ಜೊತೆಗೇ ಕರಕುಶಲ ಸಂಸ್ಥೆಗಳು ಒಂದು ಬಹಿರಂಗ ಪತ್ರ ಬರೆದವು. ಕೈಮುದ್ರಣದ ಹಾಗೆ ಕಾಣುವ ಚಿತ್ತಾರ ಇದೆ, ಆದರೆ ಮಾಡಿದ್ದು ಕುಶಲಕರ್ಮಿಗಳಲ್ಲ, ಯಂತ್ರ ಅನ್ನೋದು ಅವರ ಆಕ್ಷೇಪ. 'ಹಾಗೆ ಕಾಣುವುದು' ಮತ್ತು 'ಅದೇ ಆಗಿರುವುದು', ಈ ಎರಡರ ನಡುವಿನ ದೂರದ ಬಗ್ಗೆಯೇ ಇಡೀ ಜಗಳ.

## ಬೆಲೆ ಮೊದಲು, ಬಟ್ಟೆ ಆಮೇಲೆ

ನಾವು ಅಂದುಕೊಳ್ಳೋದು ಹೀಗೆ: ಒಬ್ಬರು ಕುರ್ತಿ ಮಾಡುತ್ತಾರೆ, ಖರ್ಚು ಲೆಕ್ಕ ಹಾಕುತ್ತಾರೆ, ಲಾಭ ಸೇರಿಸಿ ಬೆಲೆ ಬರೆಯುತ್ತಾರೆ. ಡಿಸ್ಕೌಂಟ್ ಅಂಗಡಿಯಲ್ಲಿ ಇದು ಉಲ್ಟಾ. 'ಇದು 799ಕ್ಕೇ ಹೋಗಬೇಕು' ಅಂತ ಮೊದಲು ನಿರ್ಧಾರ. ಆಮೇಲೆ ಅಷ್ಟಕ್ಕೆ ಹೊಂದುವ ಹಾಗೆ ಬಟ್ಟೆ.

ಮದುವೆ ಅಡಿಗೆ ಭಟ್ಟರನ್ನು ನೆನಪಿಸಿಕೊಳ್ಳಿ. ಎಲೆಗೆ ಇಷ್ಟು ಅಂತ ರೇಟು ಮೊದಲೇ ಮಾತಾಡಿಬಿಟ್ಟರೆ, ಪಾಯಸದಲ್ಲಿ ಎಷ್ಟು ಗೋಡಂಬಿ ತೇಲಬೇಕು ಅನ್ನೋದು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಈಗ ಅದೇ ರೇಟಿನಲ್ಲಿ 'ಭಟ್ಟರ ಜೊತೆ ಒಬ್ಬ ಹೆಸರಾಂತ ಬಾಣಸಿಗರ ಫೋಟೋನೂ ಬೇಕು, ಅವರ ಸಂಭಾವನೆಯೂ ಇದರಲ್ಲೇ' ಅಂದರೆ? ಗೋಡಂಬಿ ಹೋಗಿ ಶೇಂಗಾ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಇದು ಯಾವ ಅಂಗಡಿಯ ನಿಜವಾದ ಪುಸ್ತಕವೂ ಅಲ್ಲ. ವ್ಯಾಪಾರ ಹೇಗೆ ನಡೆಯುತ್ತದೆ ಅಂತ ತಿಳಿಯೋದಕ್ಕೆ ನಾನೇ ಇಟ್ಟುಕೊಂಡ ಅಂಕಿಗಳು. ಜಿಎಸ್‌ಟಿ ದರ ಮಾತ್ರ ನಿಜದ್ದು.

ಕುರ್ತಿಯ ಬೆಲೆ 799. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5. ಅಂದರೆ 38 ರೂಪಾಯಿ ಸರ್ಕಾರಕ್ಕೆ, ಉಳಿದದ್ದು 761. ಅಂಗಡಿಯ ಬಾಡಿಗೆ, ಸಂಬಳ, ಕರೆಂಟು, ಮಾರಾಟವಾಗದೆ ಉಳಿಯುವ ಮಾಲಿನ ನಷ್ಟ, ಲಾಭ ಎಲ್ಲಾ ಸೇರಿ 380 ಅಂತಿಟ್ಟುಕೊಳ್ಳಿ. ಕೈಯಲ್ಲಿ 381. ಹೋರ್ಡಿಂಗು, ಫೋಟೋ ಶೂಟು, ರೀಲ್ಸು ಅಂತ ಪೀಸಿಗೆ 40. ಸ್ಟಾರ್ ರಾಯಲ್ಟಿ 761ರ ಮೇಲೆ ಶೇ 6 ಅಂದರೆ 46. ಈಗ 295. ಸಾಗಾಣಿಕೆ, ಪ್ಯಾಕಿಂಗ್, ಟ್ಯಾಗು, ಹ್ಯಾಂಗರು 25. ಹೊಲಿಗೆ ಕೂಲಿ ಮತ್ತು ಫ್ಯಾಕ್ಟರಿಯ ಪಾಲು 110. ಉಳಿದದ್ದು 160. ಗುಂಡಿ, ದಾರ, ಕ್ಯಾನ್ವಾಸ್‌ಗೆ 20 ತೆಗೆದರೆ ಬಟ್ಟೆಗೆ ಸಿಗೋದು 140 ರೂಪಾಯಿ. ಕುರ್ತಿಗೆ ಎರಡೂವರೆ ಮೀಟರ್ ಬೇಕು. ಮೀಟರಿಗೆ 56 ರೂಪಾಯಿ ಆಯಿತು.

ಹೆಸರಿಲ್ಲದ ಕುರ್ತಿಯಾಗಿದ್ದರೆ? ಜಾಹೀರಾತು ಮತ್ತು ರಾಯಲ್ಟಿಯ 86 ರೂಪಾಯಿ ಬಟ್ಟೆಗೆ ಹೋಗಬಹುದಿತ್ತು. ಆಗ ಬಟ್ಟೆಗೆ 226, ಮೀಟರಿಗೆ 90 ರೂಪಾಯಿ. 56ರ ಬಟ್ಟೆಗೂ 90ರ ಬಟ್ಟೆಗೂ ಏನು ವ್ಯತ್ಯಾಸ ಅಂತ ಚಿಕ್ಕಪೇಟೆಯ ಯಾವ ಅಂಗಡಿಯಲ್ಲಿ ಕೇಳಿದರೂ ಎರಡು ತಾನು ಬಿಚ್ಚಿ ತೋರಿಸುತ್ತಾರೆ. ಕೈಯಲ್ಲಿ ಹಿಡಿದರೆ ಸಾಕು, ಗೊತ್ತಾಗುತ್ತದೆ.

ಅಂಗಡಿಯವರ ಕಡೆಯ ವಾದವೂ ಇದೆ, ಅದು ಸುಳ್ಳಲ್ಲ. ಹೆಸರಿನಿಂದ ಮಾರಾಟ ಜಾಸ್ತಿಯಾದರೆ ಒಂದೇ ಸಲ ಲಕ್ಷಗಟ್ಟಲೆ ಮೀಟರ್ ಬಟ್ಟೆ ಕೊಳ್ಳಬಹುದು, ಅಷ್ಟು ಕೊಂಡರೆ ದರ ಇಳಿಯುತ್ತದೆ. ಜಾಹೀರಾತಿನ ಖರ್ಚೂ ಹೆಚ್ಚು ಪೀಸುಗಳ ಮೇಲೆ ಹಂಚಿಹೋಗುತ್ತದೆ. ಮಿಜ್ರಾಹಿ ಥರದವು ಗೆದ್ದಿದ್ದಕ್ಕೆ ಇದೂ ಒಂದು ಕಾರಣ. ಅವರು ಒಂದು ವಾರಕ್ಕೆ ಬಂದು ಹೋಗಲಿಲ್ಲ, ವರ್ಷಗಟ್ಟಲೆ ಅದೇ ಅಂಗಡಿಗೆ ಮಾಡಿದರು. 'ಸ್ಟಾಕ್ ಇರೋವರೆಗೆ ಮಾತ್ರ' ಅಂತ ಬರುವ ಸಣ್ಣ ಸಂಗ್ರಹಕ್ಕೆ ಆ ಅನುಕೂಲ ಅಷ್ಟಾಗಿ ಸಿಗುವುದಿಲ್ಲ.

## ಟೈಲರ್ ಕುರ್ತಿಯನ್ನು ಮಗುಚಿದರು

ನಮ್ಮ ಟೈಲರ್ ಹೊರಗಿನಿಂದ ನೋಡಲೇ ಇಲ್ಲ. ಕೈಗೆ ಕೊಟ್ಟ ಕೂಡಲೇ ಒಳಮೈ ಹೊರಗೆ ಮಾಡಿದರು.

"ನೋಡಿ ಮೇಡಂ, ಇಲ್ಲಿ ಎಷ್ಟು ಬಿಟ್ಟಿದ್ದಾರೆ" ಅಂತ ಪಕ್ಕದ ಹೊಲಿಗೆ ತೋರಿಸಿದರು. ಹೊಲಿಗೆಯಿಂದ ಅಂಚಿನವರೆಗೆ ಒಳಗಡೆ ಬಿಡುವ ಬಟ್ಟೆಗೆ ಟೈಲರ್‌ಗಳು ಮಾರ್ಜಿನ್ ಅನ್ನುತ್ತಾರೆ. ಇದರಲ್ಲಿ ಕಿರುಬೆರಳಿನ ಉಗುರಿನಷ್ಟೂ ಇರಲಿಲ್ಲ. ಅವರು ಹೊಲಿದರೆ ಒಂದು ಇಂಚು ಬಿಡುತ್ತಾರೆ, ದಪ್ಪ ಆದರೆ ಬಿಚ್ಚಿಕೊಳ್ಳೋಕೆ. ಒಂದು ಕುರ್ತಿಯಲ್ಲಿ ಎರಡು ಬೆರಳು ಬಟ್ಟೆ ಉಳಿಸಿದರೆ ನಮಗೇನೂ ಅನಿಸುವುದಿಲ್ಲ. ಐವತ್ತು ಸಾವಿರ ಕುರ್ತಿಯಲ್ಲಿ ಉಳಿಸಿದರೆ ಅದು ಲಾರಿಗಟ್ಟಲೆ ಬಟ್ಟೆ.

ಆಮೇಲೆ ಸ್ಕೇಲ್ ಇಟ್ಟು ಹೊಲಿಗೆ ಎಣಿಸಿದರು. ಒಂದು ಇಂಚಿನಲ್ಲಿ ಏಳು. ಅವರ ಮಿಷನ್‌ನಲ್ಲಿ ಹನ್ನೊಂದೋ ಹನ್ನೆರಡೋ ಬೀಳುತ್ತದಂತೆ. ಉದ್ದ ಹೊಲಿಗೆ ಹಾಕಿದರೆ ಮಿಷನ್ ಬೇಗ ಮುಂದೆ ಹೋಗುತ್ತದೆ, ದಾರವೂ ಉಳಿಯುತ್ತದೆ. ಆದರೆ ಜಗ್ಗಿದಾಗ ಹೊಲಿಗೆಯ ನಡುವೆ ಬೆಳಕು ಕಾಣುತ್ತದೆ. ಇದರಲ್ಲಿ ಕಂಡಿತು.

ಯಾಕೆ ಬೇಗ ಹೋಗಬೇಕು? ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆ ಕಡೆ ಬೆಳಿಗ್ಗೆ ಬಸ್ಸು ಹತ್ತಿದರೆ ಡಬ್ಬಿ ಹಿಡಿದುಕೊಂಡು 'ಗಾರ್ಮೆಂಟ್ಸ್‌ಗೆ' ಹೋಗುವ ಹೆಣ್ಣುಮಕ್ಕಳು ಕಾಣುತ್ತಾರೆ. ಅಲ್ಲಿ ಒಬ್ಬರು ಒಂದು ಕುರ್ತಿ ಪೂರ್ತಿ ಹೊಲಿಯುವುದಿಲ್ಲ. ಒಬ್ಬರು ತೋಳು, ಒಬ್ಬರು ಕಾಲರ್, ಒಬ್ಬರು ಕೆಳಗಿನ ಮಡಿಕೆ. ಪ್ರತಿ ಕೆಲಸಕ್ಕೂ ಇಷ್ಟು ನಿಮಿಷ ಅಂತ ಮೊದಲೇ ಅಳೆದಿರುತ್ತಾರೆ. ಅದರ ಮೇಲೆ ಗಂಟೆಗೆ ಇಷ್ಟು ಪೀಸ್ ಅನ್ನೋ 'ಟಾರ್ಗೆಟ್' ನಿಲ್ಲುತ್ತದೆ. ಇದಕ್ಕೂ ಆ ಅಮೆರಿಕದ ಅಂಗಡಿಗೂ ಸಂಬಂಧವಿಲ್ಲ, ಆದರೂ ಆ ಹೆಸರು ಕೇಳಿದಾಗಲೆಲ್ಲ ನನಗೆ ನೆನಪಾಗೋದು ಈ ಟಾರ್ಗೆಟ್ಟೇ. ನಿಮಿಷ ಅಂದರೆ ಕೂಲಿ. ಕೂಲಿ ಉಳಿಸಬೇಕು ಅಂದರೆ ವಿನ್ಯಾಸದಲ್ಲೇ ನಿಮಿಷ ಕಡಿಮೆ ಮಾಡುತ್ತಾರೆ. ಅಸ್ತರು ತೆಗೆಯುತ್ತಾರೆ, ಜೇಬು ತೆಗೆಯುತ್ತಾರೆ, ಕಾಜದ ಬದಲು ಬರೀ ಅಲಂಕಾರಕ್ಕೆ ಗುಂಡಿ ಅಂಟಿಸುತ್ತಾರೆ. ಹೆಂಗಸರ ಬಟ್ಟೆಗೆ ಜೇಬೇ ಇರಲ್ಲ ಯಾಕೆ ಅಂತ ಕೇಳುತ್ತೀರಲ್ಲ, ಒಂದು ಉತ್ತರ ಇಲ್ಲಿದೆ.

ಗುಂಡಿ ಉದುರಿದ್ದರ ಗುಟ್ಟೂ ಒಳಮೈಯಲ್ಲೇ ಇತ್ತು. ಉಳಿದ ಗುಂಡಿಗಳಲ್ಲಿ ಒಂದರ ಹಿಂದೆ ಒಂದು ದಾರದ ತುದಿ ಇಳಿಬಿದ್ದಿತ್ತು. ಟೈಲರ್ ಅದನ್ನು ಮೆಲ್ಲಗೆ ಎಳೆದರು. ಸರ್ರನೆ ಪೂರ್ತಿ ದಾರ ಬಂತು, ಗುಂಡಿ ಅವರ ಅಂಗೈಗೆ ಬಿತ್ತು. ಗುಂಡಿ ಹಾಕುವ ಒಂದು ಬಗೆಯ ಮಿಷನ್ ಒಂದೇ ದಾರದಲ್ಲಿ ಸರಪಳಿಯ ಹಾಗೆ ಹೊಲಿಯುತ್ತದೆ. ಅಕ್ಕಿ ಮೂಟೆಯ ಬಾಯಿ ಹೊಲಿದಿರುತ್ತಾರಲ್ಲ, ಸರಿಯಾದ ತುದಿ ಹಿಡಿದು ಎಳೆದರೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ಅದೇ ತತ್ತ್ವ. ಎರಡು ದಾರ ಒಂದಕ್ಕೊಂದು ಸಿಕ್ಕಿಸಿಕೊಂಡು ಹೊಲಿಯುವ ಮಿಷನ್‌ನಲ್ಲಿ ಹೀಗಾಗುವುದಿಲ್ಲ.

ಇಡೀ ಕುರ್ತಿಯಲ್ಲಿ ಟೈಲರ್ ಮೆಚ್ಚಿಕೊಂಡದ್ದು ಒಂದನ್ನೇ. ಕತ್ತಿನ ಹಿಂದೆ ಸ್ಟಾರ್ ಹೆಸರಿನ ಚೀಟಿ ಇತ್ತು. ನಾಲ್ಕೂ ಕಡೆ ಒತ್ತೊತ್ತಾಗಿ, ಒಂದು ಎಳೆ ಆಚೀಚೆ ಆಗದಂತೆ ಹೊಲಿದಿದ್ದರು.

## ಸ್ಟೋಲ್ ತೂಗಿದ ಕಥೆ

ಬಟ್ಟೆ ತೆಳುವೋ ದಪ್ಪವೋ ಅಂತ ಹೇಳೋಕೆ ವ್ಯಾಪಾರದವರು ಜಿಎಸ್‌ಎಂ ಅನ್ನೋ ಅಳತೆ ಬಳಸುತ್ತಾರೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನೋದೇ ಜಿಎಸ್‌ಎಂ. ಟೀ ಶರ್ಟಿನಲ್ಲಿ 180 ಅಂದರೆ ಗಟ್ಟಿ, 140 ಅಂದರೆ ತೆಳು.

ಅದೃಷ್ಟಕ್ಕೆ ನಮ್ಮ ಸ್ಟೋಲ್ ಎರಡು ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಇತ್ತು. ಅಂದರೆ ಸರಿಯಾಗಿ ಒಂದು ಚದರ ಮೀಟರ್. ಅಡಿಗೆ ಮನೆಯ ತಕ್ಕಡಿ ಮೇಲೆ ಮಡಿಸಿಟ್ಟೆವು. 62 ಗ್ರಾಂ. ಹತ್ತಿರದಲ್ಲೇ ಇದ್ದ ಟೊಮೆಟೊ ಅದಕ್ಕಿಂತ ಭಾರ ಇತ್ತು. ಸ್ಟೋಲ್ ಹಗುರ ಇರೋದು ತಪ್ಪೇನಲ್ಲ, ಬೇಸಿಗೆಗೆ ಅದೇ ಚೆನ್ನ. ಆದರೆ ಪೋಸ್ಟರ್‌ನಲ್ಲಿ ಅದು ತಾರೆಯ ಭುಜದ ಮೇಲೆ ರೇಷ್ಮೆ ಥರ ಇಳಿಬಿದ್ದಿತ್ತು. ಇದು ಫ್ಯಾನ್ ಗಾಳಿಗೇ ಹಾರಿಹೋಗುತ್ತದೆ.

ಕುಗ್ಗುವ ವಿಷಯಕ್ಕೆ ಬರೋಣ. ಕುರ್ತಿಯ ಒಳಗಿನ ಚೀಟಿಯಲ್ಲಿ 'ವಿಸ್ಕೋಸ್' ಅಂತಿತ್ತು. ಅಂಗಡಿಯಲ್ಲಿ ನಾವು ರೇಯಾನ್ ಅನ್ನೋದು ಇದಕ್ಕೇ. ಮರದ ತಿರುಳಿನಿಂದ ಮಾಡುವ ನಾರು. ಹರಿಹರದ ಪಕ್ಕ ತುಂಗಭದ್ರೆಯ ದಡದಲ್ಲಿ ಇಂಥ ನಾರು ಮಾಡುವ ದೊಡ್ಡ ಕಾರ್ಖಾನೆಯೇ ಇದೆ. ಮೈಗೆ ತಂಪು, ನೋಡೋಕೆ ಇಳಿಬಿದ್ದು ಚೆನ್ನಾಗಿ ಕಾಣುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಕೆಟ್ಟ ಬಟ್ಟೆ ಅಲ್ಲವೇ ಅಲ್ಲ.

ಆದರೆ ಅದಕ್ಕೆ ನೀರು ಕಂಡರೆ ಆಗಲ್ಲ. ಒದ್ದೆಯಾದಾಗ ನಾರು ಉಬ್ಬುತ್ತದೆ, ಬಲ ಕಳೆದುಕೊಳ್ಳುತ್ತದೆ. ನೇಯುವಾಗಲೂ ಬಣ್ಣ ಹಾಕುವಾಗಲೂ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತಾರೆ. ಮೊದಲ ಸಲ ನೀರಿಗೆ ಬಿದ್ದಾಗ ಆ ಬಿಗಿ ಸಡಿಲಾಗಿ ಎಳೆಗಳು ತಮ್ಮ ಜಾಗಕ್ಕೆ ಮರಳುತ್ತವೆ. ನಮ್ಮ ಕುರ್ತಿ 44 ಇಂಚಿನಿಂದ 42ಕ್ಕೆ ಬಂತು. ನೂರಕ್ಕೆ ನಾಲ್ಕೂವರೆ.

ಇದನ್ನು ತಡೆಯೋದು ಫ್ಯಾಕ್ಟರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಕತ್ತರಿಸುವ ಮೊದಲೇ ಬಟ್ಟೆಯನ್ನು ಕುಗ್ಗಿಸಿಬಿಡುವ ಯಂತ್ರಗಳಿವೆ. ನಮ್ಮ ಅಜ್ಜಿ ರವಿಕೆ ಬಟ್ಟೆಯನ್ನು ರಾತ್ರಿಯೆಲ್ಲಾ ನೀರಲ್ಲಿ ನೆನೆಸಿ ಆಮೇಲೆ ಹೊಲಿಯೋಕೆ ಕೊಡುತ್ತಿದ್ದರು, ಅದರ ದೊಡ್ಡ ರೂಪ. ಆದರೆ ಹಾಗೆ ಮಾಡಿದರೆ ನೂರು ಮೀಟರ್ ಕೊಂಡ ಬಟ್ಟೆ ಕತ್ತರಿಸುವ ಮೊದಲೇ ತೊಂಬತ್ತಾರಕ್ಕೆ ಇಳಿಯುತ್ತದೆ. ಆ ನಾಲ್ಕು ಮೀಟರ್‌ನ ನಷ್ಟ ಫ್ಯಾಕ್ಟರಿಯಲ್ಲಿ ಆಗಬೇಕೋ, ನಮ್ಮ ಬಕೆಟ್‌ನಲ್ಲಿ ಆಗಬೇಕೋ ಅನ್ನೋದಷ್ಟೇ ಪ್ರಶ್ನೆ.

ಹೊಲಿಗೆ ತಿರುಚಿಕೊಂಡಿದ್ದಕ್ಕೆ ಕಾರಣ ಕತ್ತರಿ. ಬಟ್ಟೆಯ ಎಳೆ ನೇರ ಇರುವ ದಿಕ್ಕಿನಲ್ಲೇ ಕುರ್ತಿಯ ಭಾಗಗಳನ್ನು ಕತ್ತರಿಸಬೇಕು. ಸ್ವಲ್ಪ ಓರೆ ಮಾಡಿದರೆ ಅದೇ ಬಟ್ಟೆಯಲ್ಲಿ ಇನ್ನೊಂದು ತೋಳು ಹಿಡಿಸಬಹುದು. ಹಿಡಿಸುತ್ತಾರೆ. ತೊಳೆದಾಗ ಬಟ್ಟೆ ತನ್ನ ದಾರಿ ಹಿಡಿಯುತ್ತದೆ.

## ಹಾಗಾದರೆ ಪೋಸ್ಟರ್‌ನಲ್ಲಿ ಅಷ್ಟು ಚೆನ್ನಾಗಿ ಹೇಗೆ?

ಪೋಸ್ಟರ್‌ನಲ್ಲಿರುವುದು ಸಾಮಾನ್ಯವಾಗಿ ಸ್ಯಾಂಪಲ್. ಸ್ಯಾಂಪಲ್ ಹೊಲಿಯುವ ಟೈಲರ್‌ಗಳೇ ಬೇರೆ, ಫ್ಯಾಕ್ಟರಿಯಲ್ಲಿ ಎಲ್ಲರಿಗಿಂತ ಅನುಭವಿಗಳು ಅವರು. ಟಾರ್ಗೆಟ್ ಇಲ್ಲದೆ, ಸಮಾಧಾನವಾಗಿ ಒಂದು ಪೀಸ್ ಹೊಲಿಯುತ್ತಾರೆ. ಫೋಟೋ ತೆಗೆಯುವಾಗ ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡಿರುತ್ತಾರೆ. ನಮ್ಮ ಕೈಗೆ ಬರೋದು 'ಬಲ್ಕ್', ಅಂದರೆ ಸಾವಿರಗಟ್ಟಲೆ ಹೊಲಿದದ್ದರಲ್ಲಿ ಒಂದು.

ಸೈಜಿನ ಗೋಳು ಇನ್ನೊಂದು. ಒಂದು ಮಾದರಿ ಅಳತೆಗೆ ಮಾಡಿದ್ದನ್ನು ಲೆಕ್ಕದ ಪ್ರಕಾರ ಹಿಗ್ಗಿಸಿ ಕುಗ್ಗಿಸಿ ಬೇರೆ ಸೈಜ್ ಮಾಡುತ್ತಾರೆ. ಆದರೆ ಮನುಷ್ಯರು ಲೆಕ್ಕದ ಪ್ರಕಾರ ದಪ್ಪ ಆಗುವುದಿಲ್ಲ, ಅಲ್ವಾ? ಸೊಂಟ ಎರಡು ಇಂಚು ಹೆಚ್ಚಾದವರ ಭುಜ ಅಷ್ಟೇ ಅಗಲವಾಗಿರುವುದಿಲ್ಲ. ಜೊತೆಗೆ ನಮ್ಮ ಬ್ರ್ಯಾಂಡ್‌ಗಳು ಬಹುಕಾಲ ಬ್ರಿಟನ್, ಅಮೆರಿಕದ ಅಳತೆಗಳನ್ನೇ ತಿದ್ದಿ ಬಳಸುತ್ತಾ ಬಂದವು. ಭಾರತದವರ ಮೈಗೆ ಹೊಂದುವ ಅಳತೆಪಟ್ಟಿ ಮಾಡಲು ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಆರು ನಗರಗಳಲ್ಲಿ ಸುಮಾರು 25,000 ಜನರನ್ನು ಅಳೆಯುವ ಯೋಜನೆ ಹಾಕಿಕೊಂಡಿತು. ಆ ಆರರಲ್ಲಿ ಬೆಂಗಳೂರೂ ಒಂದು.

## ಡಿಸ್ಕೌಂಟ್ ಅಂದರೆ ಎಲ್ಲಾ ಒಂದೇ ಅಲ್ಲ

ಬೆಂಗಳೂರಿನಲ್ಲಿ ಅಗ್ಗದ ಬಟ್ಟೆಗೆ ಮೂರು ಬಾಗಿಲುಗಳಿವೆ. ಒಂದು, ಮಾರತಹಳ್ಳಿ ಹೆಸರು ಮಾಡಿದ್ದು ಯಾವುದಕ್ಕೋ ಆ ಫ್ಯಾಕ್ಟರಿ ಔಟ್‌ಲೆಟ್‌ಗಳು. ಹಳೆಯ ಸೀಸನ್‌ನ ಮಾಲು, ಉಳಿದ ಸೈಜುಗಳು ಇಲ್ಲಿಗೆ ಬರುತ್ತವೆ. ಔಟ್‌ಲೆಟ್‌ಗೆಂದೇ ಕಡಿಮೆ ಖರ್ಚಿನಲ್ಲಿ ಮಾಡಿದ್ದೂ ಇವುಗಳ ನಡುವೆ ಸೇರಿರಬಹುದು. ಎರಡು, ಮೊದಲಿಂದಲೇ ಕಡಿಮೆ ಬೆಲೆ ಇಟ್ಟು ಮಾರುವ ಸರಣಿ ಅಂಗಡಿಗಳು. ಸ್ಟಾರ್ ಸಂಗ್ರಹಗಳು ಜಾಸ್ತಿ ಬರೋದು ಇಲ್ಲಿಗೆ.

ಮೂರನೆಯದು ಎಕ್ಸ್‌ಪೋರ್ಟ್ ಸರ್‌ಪ್ಲಸ್. ಕಮರ್ಷಿಯಲ್ ಸ್ಟ್ರೀಟ್ ಸುತ್ತಮುತ್ತಲ ಗಲ್ಲಿಗಳಲ್ಲಿ ರಾಶಿ ಹಾಕಿಕೊಂಡು ಮಾರುತ್ತಾರಲ್ಲ, ಅದು. ಹೊರದೇಶದ ಕಂಪನಿ ಹೇಳಿದ ಬಟ್ಟೆ, ಹೇಳಿದ ಹೊಲಿಗೆ ಹಾಕಿ ಮಾಡಿದ ಮಾಲು ಆರ್ಡರ್ ಜಾಸ್ತಿಯಾಗಿಯೋ, ಸಣ್ಣ ದೋಷಕ್ಕೋ ಇಲ್ಲೇ ಉಳಿದಿರುತ್ತದೆ. ಚೀಟಿ ಕತ್ತರಿಸಿರುತ್ತಾರೆ. ಹೆಸರು ಹೋಗಿದೆ, ಬಟ್ಟೆ ಉಳಿದಿದೆ. ಸ್ಟಾರ್ ಕುರ್ತಿಗೆ ತದ್ವಿರುದ್ಧ. ನಿಜವಾದ ಸರ್‌ಪ್ಲಸ್ ಹೌದೋ ಅಲ್ಲವೋ ಅಂತ ನೋಡಿಕೊಳ್ಳಬೇಕು, ಅದೇ ಹೆಸರಲ್ಲಿ ಸುಮ್ನೆ ಮಾರುವವರೂ ಇದ್ದಾರೆ. ಹಾಗೆ ನೋಡೋಕೆ ಟೈಲರ್ ಮಾಡಿದ್ದನ್ನೇ ಮಾಡಿದರೆ ಸಾಕು. ಒಳಮೈ ಮಗುಚಿ, ಹೊಲಿಗೆ ಜಗ್ಗಿ, ಬೆಳಕಿಗೆ ಹಿಡಿದು, ಮುಷ್ಟಿಯಲ್ಲಿ ಒಮ್ಮೆ ಹಿಂಡಿ ಬಿಡಿ. ಟ್ರಯಲ್ ರೂಂ ಕ್ಯೂ ಉದ್ದ ಇದ್ದರೂ ಇಷ್ಟನ್ನು ನಿಂತಲ್ಲೇ ಮಾಡಬಹುದು.

## ದುಡ್ಡು ವಾಪಸ್ ಸಿಗುತ್ತದಾ?

'ಒಮ್ಮೆ ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ' ಅಂತ ಬಿಲ್ಲಿನ ಮೇಲೆ ಅಚ್ಚಾಗಿದ್ದರೆ ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬೇರೆ ಹೇಳುತ್ತದೆ. ದೋಷವಿರುವ ಮಾಲನ್ನು ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿ, ಬರೆಯದಿದ್ದರೆ 30 ದಿನ. 'ಬಣ್ಣ ಇಷ್ಟವಾಗಲಿಲ್ಲ' ಅನ್ನೋದು ದೋಷವಲ್ಲ. ಗುಂಡಿ ಉದುರುವುದು, ಹೊಲಿಗೆ ಬಿಟ್ಟುಕೊಳ್ಳುವುದು ದೋಷ. ಅಂಗಡಿಯವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಸ್ಟಾರ್ ಜವಾಬ್ದಾರಿ? ಅದೇ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಆದರೆ ಹೊಲಿಗೆ ಕೆಟ್ಟದಾಗಿದೆ ಅನ್ನೋದಕ್ಕೆ ಇದು ಅನ್ವಯಿಸುವುದಿಲ್ಲ. ಯಂತ್ರದ ಬಟ್ಟೆಯನ್ನು ಕೈಮಗ್ಗದ್ದು ಅಂತ ಹೇಳಿ ಮಾರಿದರೆ ಆಗ ಬೇರೆ ಮಾತು.

ಅಕ್ಕನ ಮಗಳು ಹತ್ತೊಂಬತ್ತನೇ ದಿನ ಕುರ್ತಿ, ಬಿಲ್ಲು, ಉದುರಿದ ಎರಡು ಗುಂಡಿ ಹಿಡಿದುಕೊಂಡು ಹೋದಳು. ಕೌಂಟರಿನಲ್ಲಿದ್ದ ಹುಡುಗ ಕ್ರೆಡಿಟ್ ನೋಟ್ ಕೊಡುತ್ತೀನಿ, ಬೇರೆ ಏನಾದರೂ ತಗೊಳ್ಳಿ ಅಂದ. ಇವಳು 30 ದಿನದ ಮಾತೆತ್ತಿದಳು. ಮ್ಯಾನೇಜರ್ ಯಾರಿಗೋ ಫೋನ್ ಮಾಡಿದರು. ನಾಲ್ಕು ದಿನ ಬಿಟ್ಟು 799 ರೂಪಾಯಿ ಖಾತೆಗೆ ಬಂತು.

ಸ್ಟೋಲ್‌ನಲ್ಲಿ ದೋಷ ಅಂತ ತೋರಿಸೋಕೆ ಏನೂ ಇರಲಿಲ್ಲ, ಅದು ಮನೆಯಲ್ಲೇ ಉಳಿಯಿತು. ಹೋದ ಭಾನುವಾರ ಅಕ್ಕನ ಮನೆಗೆ ಹೋದಾಗ ಅಡಿಗೆ ಮನೆಯ ನಲ್ಲಿಗೆ ಬಿಳಿ ಗಂಟೊಂದು ತೂಗುತ್ತಿತ್ತು. ಶ್ರೀಖಂಡಕ್ಕೆ ಮೊಸರು ಕಟ್ಟಿದ್ದಳು. ನೀರು ಚೆನ್ನಾಗಿ ಸೋರುತ್ತದಂತೆ.